ಎಲ್‌ಇಡಿ ಬೆಳಕಿನಲ್ಲಿ ಮನೆಯೊಳಗಿನ ಸಸಿಮಡಿ

ಎಲ್‌ಇಡಿ ದೀಪದ ಕೆಳಗೆ ಗಿಡ ಬೆಳೆಸುವುದೆಂದರೆ ಸೂರ್ಯನ ಬೆಳಕಿನ ಒಂದು ಸಣ್ಣ ಪಾಲನ್ನು ಕರೆಂಟಿನಿಂದ ತುಂಬಿಕೊಡುವುದು. ಯುರೋಪಿನ ಚಳಿಗಾಲದ ಕತ್ತಲೆಗೆ ಇದು ಹೊಂದುವ ಉಪಾಯ. ವರ್ಷವಿಡೀ ಹಗಲು ಹೆಚ್ಚುಕಡಿಮೆ ಒಂದೇ ಉದ್ದ ಇರುವ ಕರಾವಳಿಗೆ ಯಾಕೆ ಬೇಕು ಎಂಬ ಪ್ರಶ್ನೆ ಸಹಜ. ಬಂಟ್ವಾಳ ತಾಲೂಕಿನ ಮೆಲ್ಕಾರಿನಲ್ಲಿ ಡಿಸೆಂಬರಿನ ಹಗಲೂ ಹನ್ನೊಂದೂವರೆ ಗಂಟೆಯಷ್ಟಿರುತ್ತದೆ, ಜೂನಿನದು ಹದಿಮೂರು ಗಂಟೆಗೆ ಸಮೀಪ. ಇಲ್ಲಿ ಸಸಿಗಳನ್ನು ಕಾಡುವುದು ಮಳೆಗಾಲ.

ನೇತ್ರಾವತಿ ದಡದ ಈ ಸೀಮೆಗೆ ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲೂ ಬಯಲಿನಲ್ಲಿ ಸಸಿಗೆ ಸಾಕಾಗುವಷ್ಟು ಬೆಳಕಿರುತ್ತದೆ. ಮೋಡ ಕವಿದ ಆಕಾಶವೂ ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಪ್ರಖರ. ಆದರೆ ಎರಡೆಲೆಯ ಸಸಿಯನ್ನು ಮಳೆಯ ಹೊಡೆತ ಮಣ್ಣಿಗೆ ಅಂಟಿಸಿಬಿಡುತ್ತದೆ, ನೀರು ನಿಂತು ಬುಡ ಕೊಳೆಯುತ್ತದೆ. ಅದನ್ನೇ ಜಗಲಿಗೆ ಎತ್ತಿಟ್ಟರೆ ಮಳೆಯ ಜೊತೆ ಬೆಳಕೂ ತಪ್ಪುತ್ತದೆ. ಕಾಂಡ ನೂಲಿನಂತೆ ಉದ್ದವಾಗಿ, ಬೆಳಕು ಬರುವ ಕಡೆಗೆ ಬಾಗಿ, ಒಂದು ವಾರದಲ್ಲಿ ಅಡ್ಡ ಬೀಳುತ್ತದೆ. ಮಳೆ ಬೀಳದ ಜಾಗಕ್ಕೆ ಬೆಳಕು ತರುವುದಷ್ಟೇ ಎಲ್‌ಇಡಿಯ ಕೆಲಸ. ಹಾಗಾಗಿ ಈ ಊರುಗಳಲ್ಲಿ ಅದರ ನಿಜವಾದ ಉಪಯೋಗ ಸಸಿಮಡಿಗೆ ಮತ್ತು ಒಂದಿಷ್ಟು ಸೊಪ್ಪಿಗೆ. ಕಾಯಿ ಕೊಯ್ಯುವ ಬೆಳೆಗೆ ಅದು ಯೋಗ್ಯವಲ್ಲ. ಕಾರಣವನ್ನು ಮುಂದೆ ಲೆಕ್ಕವೇ ಹೇಳುತ್ತದೆ.

ಅಂಗಳ ತೆರೆದಿರುವ ಮನೆಗೆ ಇನ್ನೂ ಅಗ್ಗದ ದಾರಿಯಿದೆ. ನಾಲ್ಕು ಕಂಬ ನೆಟ್ಟು ಮೇಲೆ ಪಾರದರ್ಶಕ ಯುವಿ ಪಾಲಿಥೀನ್ ಹಾಳೆ ಇಳಿಜಾರಾಗಿ ಎಳೆದರೆ ಮಳೆಯೂ ತಡೆಯುತ್ತದೆ, ಬೆಳಕೂ ಬರುತ್ತದೆ, ಕರೆಂಟಿನ ಖರ್ಚಿಲ್ಲ. ಅಡಿಕೆ ತೋಟದ ನೆರಳಿನಲ್ಲಿ ಮುಳುಗಿದ ಮನೆಗಳಿಗೆ, ಬಿ.ಸಿ. ರೋಡಿನಿಂದ ಮೆಲ್ಕಾರಿನವರೆಗೆ ಹೆದ್ದಾರಿಯ ಇಕ್ಕೆಲದ ವಸತಿ ಸಮುಚ್ಚಯಗಳಲ್ಲಿ ಇರುವವರಿಗೆ, ಮೂಡುಬಿದಿರೆಯ ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಕುಂಡ ಇಟ್ಟುಕೊಳ್ಳುವ ವಿದ್ಯಾರ್ಥಿಗೆ ಆ ದಾರಿ ಇಲ್ಲ. ಅಂಥ ಕಡೆ ದೀಪ ಅರ್ಥಪೂರ್ಣ.

ಬಂಟ್ವಾಳ ತಾಲೂಕಿಗೆ ದೀಪದಡಿಯ ಸಸ್ಯಪಾಲನೆ ಪೂರ್ತಿ ಹೊಸತೇನಲ್ಲ. ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾಯಿತು. ಈಗ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಪ್ರಾದೇಶಿಕ ಕೇಂದ್ರ. ಈ ಸಂಸ್ಥೆ ಅಡಿಕೆಯ ಅಂಗಾಂಶ ಕೃಷಿಯಲ್ಲಿ ಕೆಲಸ ಮಾಡಿದೆ. ಅಂಗಾಂಶ ಕೃಷಿಯ ಕೋಣೆಗಳಲ್ಲಿ ಸೂರ್ಯನ ಬೆಳಕಿಗೆ ಪಾತ್ರವೇ ಇಲ್ಲ: ಕಪಾಟಿನ ಅಟ್ಟಗಳ ಮೇಲೆ ಬಾಟಲಿಗಳು, ಅವುಗಳ ನೆತ್ತಿಗೆ ಟ್ಯೂಬ್ ದೀಪಗಳು, ಸಾಮಾನ್ಯವಾಗಿ 16 ಗಂಟೆ ಬೆಳಕು, 8 ಗಂಟೆ ಕತ್ತಲೆ, 25 ಡಿಗ್ರಿ ಆಸುಪಾಸಿನ ತಾಪ. ಮನೆಯ ರ‍್ಯಾಕ್ ಅದೇ ಏರ್ಪಾಡಿನ ಸರಳ ರೂಪ.

ಎಲೆಗೆ ಬೇಕಾದ ಬೆಳಕು

ದ್ಯುತಿಸಂಶ್ಲೇಷಣೆಗೆ ಒದಗುವುದು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು, ಅಂದರೆ ನೇರಳೆಯಿಂದ ಕೆಂಪಿನವರೆಗೆ ಕಣ್ಣಿಗೆ ಕಾಣುವ ಭಾಗ. ಕ್ಲೋರೊಫಿಲ್ ನೀಲಿ ಮತ್ತು ಕೆಂಪನ್ನು ಹೆಚ್ಚು ಹೀರುತ್ತದೆ. ಗುಲಾಬಿ-ನೇರಳೆ ಬಣ್ಣದಲ್ಲಿ ಹೊಳೆಯುವ ‘ಗ್ರೋ ಲೈಟ್’ಗಳು ಮಾರುಕಟ್ಟೆಗೆ ಬಂದದ್ದು ಈ ತಿಳಿವಳಿಕೆಯಿಂದ. ಆದರೆ ಹಸಿರು ಬೆಳಕು ಪೂರಾ ವ್ಯರ್ಥ ಎಂಬುದು ತಪ್ಪು. ಕೀತ್ ಮೆಕ್ರೀ ಎಂಬ ವಿಜ್ಞಾನಿ 1972ರಲ್ಲಿ ಹಲವು ಬೆಳೆಗಳ ಎಲೆಗಳನ್ನು ಅಳೆದು, ಹಸಿರು ಬೆಳಕೂ ಗಣನೀಯವಾಗಿ ಕೆಲಸಕ್ಕೆ ಬರುತ್ತದೆ ಎಂದು ತೋರಿಸಿದರು. ಅದು ಎಲೆಯ ಆಳಕ್ಕೆ, ಕೆಳಗಿನ ಎಲೆಗಳಿಗೂ ಇಳಿಯುತ್ತದೆ.

ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಇವೆಲ್ಲವೂ ಇವೆ. ಅದರೊಳಗೆ ಇರುವುದು ನೀಲಿ ಎಲ್‌ಇಡಿ ಚಿಪ್. ಮೇಲೆ ಬಳಿದ ಹಳದಿ ಫಾಸ್ಫರ್ ಆ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಮನೆಯ ಸಸಿಗೆ 6500 ಕೆಲ್ವಿನ್‌ನ ತಂಪು ಬಿಳಿ ಟ್ಯೂಬ್ ಸಾಕು. ಅದರಲ್ಲಿ ನೀಲಿ ಹೆಚ್ಚಿರುವುದರಿಂದ ಸಸಿ ಗಿಡ್ಡಗೆ, ದಪ್ಪ ಕಾಂಡದೊಂದಿಗೆ ಬೆಳೆಯುತ್ತದೆ. ಸೊಪ್ಪಿಗಾದರೆ ಒಂದೆರಡು ಟ್ಯೂಬನ್ನು 3000 ಅಥವಾ 4000 ಕೆಲ್ವಿನ್‌ನದಾಗಿ ಬೆರೆಸುವುದು ಉತ್ತಮ. ಬಿಳಿ ಬೆಳಕಿಗೆ ಇನ್ನೊಂದು ಅನುಕೂಲವಿದೆ: ಎಲೆ ಹಳದಿಯಾದದ್ದು, ಹೇನು ಕೂತದ್ದು ಕಣ್ಣಿಗೆ ಕೂಡಲೇ ಕಾಣುತ್ತದೆ. ನೇರಳೆ ಬೆಳಕಿನಲ್ಲಿ ಎಲ್ಲ ಎಲೆಗಳೂ ಕಪ್ಪಾಗಿಯೇ ತೋರುತ್ತವೆ.

ಬೆಳಕಿನ ಪ್ರಮಾಣವನ್ನು ಸಸ್ಯವಿಜ್ಞಾನದಲ್ಲಿ ಒಂದು ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಬೀಳುವ ಫೋಟಾನ್‌ಗಳಲ್ಲಿ, ಮೈಕ್ರೊಮೋಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡು ಹಗಲಿನ ಬಿಸಿಲು 2000 ಮೈಕ್ರೊಮೋಲ್ ಹತ್ತಿರ. ಈ ಮಾಪಕ ದುಬಾರಿ. ಮೊಬೈಲಿನ ಲಕ್ಸ್ ಆ್ಯಪ್ ತೆರೆದು, ಎಲೆಯ ಎತ್ತರದಲ್ಲಿ ಫೋನನ್ನು ಅಂಗಾತ ಇಟ್ಟು, ಬಂದ ಲಕ್ಸ್ ಅಂಕಿಯನ್ನು 70ರಿಂದ ಭಾಗಿಸಿದರೆ ಬಿಳಿ ಎಲ್‌ಇಡಿಗೆ ಅಂದಾಜು ಮೈಕ್ರೊಮೋಲ್ ಸಿಗುತ್ತದೆ. ಫೋನಿನಿಂದ ಫೋನಿಗೆ ವ್ಯತ್ಯಾಸ ಬಂದೀತು, ಆದರೂ ಸಸಿ ಸೋಲುವಷ್ಟು ಕತ್ತಲೆಯೋ ಅಲ್ಲವೋ ಎಂದು ತಿಳಿಯಲು ಧಾರಾಳ. ರಾತ್ರಿ ಟ್ಯೂಬ್‌ಲೈಟ್ ಉರಿಯುವ ಚಾವಡಿಯಲ್ಲಿ 100–300 ಲಕ್ಸ್ ತೋರಿಸುತ್ತದೆ. ಮನುಷ್ಯರ ಓದಿಗೆ ಸಾಕಾಗುವ ಈ ಬೆಳಕು ಸಸಿಯ ಪಾಲಿಗೆ ಕತ್ತಲೆಯೇ.

ಇಡೀ ದಿನದ ಬೆಳಕನ್ನು ಒಟ್ಟುಗೂಡಿಸಿ ಮೋಲ್‌ಗಳಲ್ಲಿ ಹೇಳುವುದು ವಾಡಿಕೆ. ತರಕಾರಿ ಸಸಿಗೆ ದಿನಕ್ಕೆ 6ರಿಂದ 10 ಮೋಲ್, ಸೊಪ್ಪಿಗೆ 12ರಿಂದ 17, ಟೊಮೆಟೊದಂಥ ಕಾಯಿ ಬೆಳೆಗೆ 20ರಿಂದ 30 ಬೇಕು. 10,000 ಲಕ್ಸ್ ಎಂದರೆ ಸುಮಾರು 140 ಮೈಕ್ರೊಮೋಲ್. 16 ಗಂಟೆ ಉರಿಸಿದರೆ 8 ಮೋಲ್. ಸಸಿಗೆ ಇದು ಹದ.

ದೀಪದ ಆಯ್ಕೆ, ರ‍್ಯಾಕಿನ ಕೆಲಸ

ಎಲ್ಲಕ್ಕಿಂತ ಸುಲಭ, ಸುರಕ್ಷಿತ ಆಯ್ಕೆ 4 ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ಟ್ಯೂಬ್. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಎಲ್‌ಇಡಿಗೆ ಹದವಾದ ಕರೆಂಟು ಕೊಡುವ ಡ್ರೈವರ್ ಒಳಗೇ ಇರುತ್ತದೆ, ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ. 4 ಅಡಿ ಉದ್ದ, 1 ಅಡಿ ಅಗಲದ ಅಟ್ಟಕ್ಕೆ ಇಂಥ ಮೂರು ಟ್ಯೂಬ್ ಒತ್ತೊತ್ತಾಗಿ ಹಾಕಿದರೆ, ಪಕ್ಕಕ್ಕೆ ಸೋರುವುದನ್ನು ಕಳೆದು, ಎಲೆಯ ಮೇಲೆ 9–10 ಸಾವಿರ ಲಕ್ಸ್ ಬೀಳುತ್ತದೆ. ಅಷ್ಟೇ ಜಾಗದಲ್ಲಿ 98 ಗುಳಿಯ ಎರಡು ಪ್ರೊ-ಟ್ರೇಗಳು ಸಾಲಾಗಿ ಕೂರುತ್ತವೆ, ಅಂದರೆ 196 ಸಸಿ. ಒಂದು ಮನೆಯ ಹಿತ್ತಿಲಿಗೆ ಬೇಕಾದ್ದಕ್ಕಿಂತ ಜಾಸ್ತಿ, ನೆರೆಮನೆಗೆ ಹಂಚುವಷ್ಟು.

60 ವ್ಯಾಟನ್ನು 16 ಗಂಟೆ ಉರಿಸಿದರೆ ದಿನಕ್ಕೆ 0.96 ಯುನಿಟ್, ತಿಂಗಳಿಗೆ 29. ಯುನಿಟ್ಟಿಗೆ 6 ರೂಪಾಯಿ ಹಿಡಿದರೆ ಸುಮಾರು 175 ರೂಪಾಯಿ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳು ಈ 29 ಯುನಿಟ್ಟನ್ನು ಮೊದಲೇ ಲೆಕ್ಕಹಾಕಿಕೊಳ್ಳುವುದು ಒಳ್ಳೆಯದು. ಮನೆಗೆ ನಿಗದಿಯಾದ ಮಿತಿ ದಾಟಿದ ಯುನಿಟ್ಟುಗಳಿಗೆ ಹಣ ಕಟ್ಟಬೇಕಾಗುತ್ತದೆ. ತಿಂಗಳ ಬಳಕೆ 200 ಯುನಿಟ್ ಮೀರಿದರೆ ಇಡೀ ಬಿಲ್ಲೇ ತಲೆಮೇಲೆ ಬರುತ್ತದೆ. ಟೊಮೆಟೊ ಕಾಯಿ ಬಿಡುವವರೆಗೆ ದೀಪದಡಿಯಲ್ಲೇ ಸಾಕಬೇಕೆಂದರೆ ಅಷ್ಟೇ ಜಾಗಕ್ಕೆ ಮೂರು ಪಟ್ಟು ದೀಪ ಬೇಕು, ದಿನಕ್ಕೆ ಮೂರು ಯುನಿಟ್ ಹತ್ತಿರ, ಅದೂ ಮೂರು ತಿಂಗಳು. ನಾಲ್ಕು ಚದರ ಅಡಿಯಲ್ಲಿ ಸಿಗುವ ಕಾಯಿಗೆ ಅಷ್ಟು ಕರೆಂಟು ಸುಡುವುದರಲ್ಲಿ ಹುರುಳಿಲ್ಲ.

9 ವ್ಯಾಟಿನ ಬಲ್ಬುಗಳನ್ನು ಹಲಗೆಗೆ ಸಾಲಾಗಿ ಹೋಲ್ಡರ್ ಬಡಿದು ಹಾಕುವುದು ಇನ್ನೊಂದು ಕ್ರಮ. ಒಂದೆರಡು ಕುಂಡಕ್ಕೆ ಇದೇ ಸಾಕು. ಹೆಚ್ಚು ಬೆಳಕು ಬರಲೆಂದು ಬಲ್ಬಿನ ಬಿಳಿ ಪ್ಲಾಸ್ಟಿಕ್ ಟೊಪ್ಪಿಯನ್ನು ಕಿತ್ತು ಉರಿಸುವ ರೂಢಿ ಕೆಲವರಲ್ಲಿದೆ. ಇದು ಪ್ರಾಣಾಪಾಯದ ಕೆಲಸ. ಅಗ್ಗದ ಬಲ್ಬುಗಳ ಡ್ರೈವರಿನಲ್ಲಿ ಟ್ರಾನ್ಸ್‌ಫಾರ್ಮರಿನ ಪ್ರತ್ಯೇಕತೆ ಇರುವುದಿಲ್ಲ, ಒಳಗಿನ ಪ್ಲೇಟಿನ ತಾಮ್ರದ ಗೆರೆಗಳಲ್ಲಿ ನೇರ ಮನೆಯ ಕರೆಂಟೇ ಹರಿಯುತ್ತಿರಬಹುದು. ಗಿಡಕ್ಕೆ ನೀರು ಹನಿಸುವ ಒದ್ದೆ ಕೈ ಅದಕ್ಕೆ ತಾಗಿದರೆ ಮುಗಿಯಿತು. ಇದೇ ಕಾರಣಕ್ಕೆ ‘ಡ್ರೈವರ್ ಬೇಡ, ನೇರ 220 ವೋಲ್ಟ್’ ಎಂದು ಮಾರುವ ಚೌಕ ಸಿಒಬಿ ಚಿಪ್‌ಗಳನ್ನೂ ಮನೆಯ ರ‍್ಯಾಕಿಗೆ ತರಬಾರದು.

ಬೆಸುಗೆ ಕೆಲಸ ಗೊತ್ತಿರುವವರಿಗೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ಚೆನ್ನ. ಎಲೆಯ ಹತ್ತಿರವಿರುವ ತಂತಿಯಲ್ಲಿ 12 ವೋಲ್ಟ್ ಮಾತ್ರ. ಮನೆಯ ಕರೆಂಟು, ಅದನ್ನು 12 ವೋಲ್ಟಿಗೆ ಇಳಿಸುವ ದೂರದ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಸ್ಟ್ರಿಪ್ಪನ್ನು ಮರಕ್ಕೆ ಅಂಟಿಸಿದರೆ ಬಿಸಿ ಹೊರಹೋಗದೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ, ಅಲ್ಯೂಮಿನಿಯಂ ಚಾನೆಲ್ಲಿಗೆ ಅಂಟಿಸಬೇಕು. ಐದು ಮೀಟರಿನ ಸುರುಳಿಗೆ ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಇನ್ನೊಂದು ತುದಿ ಮಂಕು. ಎರಡೂ ತುದಿಗೆ ಕೊಡುವುದು, ಇಲ್ಲವೇ ತುಂಡು ಮಾಡಿ ಪ್ರತಿ ತುಂಡಿಗೆ ಬೇರೆ ತಂತಿ ಎಳೆಯುವುದು ಸರಿ. ಎಸ್‌ಎಂಪಿಎಸ್‌ನ ಶಕ್ತಿಯ 80 ಶೇಕಡಾ ಮೀರಿ ಹೊರೆ ಹಾಕಬಾರದು: 12 ವೋಲ್ಟ್, 5 ಆಂಪಿಯರಿನ 60 ವ್ಯಾಟ್ ಪೆಟ್ಟಿಗೆಗೆ 48 ವ್ಯಾಟಿನ ಸ್ಟ್ರಿಪ್ ಮಿತಿ.

ರ‍್ಯಾಕಿಗೆ ತೂತುಗಳಿರುವ ಕಬ್ಬಿಣದ ಆಂಗಲ್, ಪಿವಿಸಿ ಪೈಪು, ಬಿದಿರು ಯಾವುದಾದರೂ ಆದೀತು. ಅಡಿಕೆ ಮರದ ಸಲಾಕೆ ಪುಕ್ಕಟೆ ಸಿಗುವ ಊರಿದು, ಆದರೆ ಮಳೆಗಾಲದ ಥಂಡಿಯಲ್ಲಿ ಬೂಸ್ಟು ಬರುತ್ತದೆ. ಬಣ್ಣ ಬಳಿದು ಬಳಸಬೇಕು. ಟ್ಯೂಬುಗಳನ್ನು ಒಂದು ಹಲಗೆಗೆ ಬಿಗಿದು, ಹಲಗೆಯನ್ನು ಹಗ್ಗ ಅಥವಾ ಸಣ್ಣ ಸರಪಳಿಯಲ್ಲಿ ತೂಗಿಬಿಟ್ಟರೆ ಸಸಿ ಬೆಳೆದಂತೆ ಮೇಲಕ್ಕೆತ್ತಬಹುದು. ಎಲೆಯ ತುದಿಗೂ ಟ್ಯೂಬಿಗೂ ಒಂದು ಗೇಣಿಗಿಂತ ಕಡಿಮೆ, 15–20 ಸೆಂಟಿಮೀಟರ್ ಅಂತರ ಬೇಕು. ದೀಪವನ್ನು ಸೀಲಿಂಗಿನಲ್ಲಿ ಬಿಟ್ಟು ಗಿಡವನ್ನು ನೆಲದಲ್ಲಿಟ್ಟು, ಎಲ್‌ಇಡಿಯಲ್ಲಿ ಏನೂ ಬೆಳೆಯುವುದಿಲ್ಲ ಎಂದು ಕೈಬಿಟ್ಟವರೇ ಹೆಚ್ಚು. ಮೂರು ಬದಿಗೆ ಬಿಳಿ ಹಾಳೆ ಕಟ್ಟಿದರೆ ಸೋರುವ ಬೆಳಕು ಗಿಡಕ್ಕೆ ಮರಳುತ್ತದೆ. ಜಾತ್ರೆ, ಯಕ್ಷಗಾನದ ಹಳೆಯ ಫ್ಲೆಕ್ಸುಗಳ ಬಿಳಿ ಹಿಂಬದಿ ಇದಕ್ಕೆ ಹೇಳಿ ಮಾಡಿಸಿದ ವಸ್ತು: ನೀರು ತಾಗಿದರೂ ಹಾಳಾಗುವುದಿಲ್ಲ.

ನೀರು, ಕರೆಂಟು, ಸಿಡಿಲು

ನೀರು ಮತ್ತು ಕರೆಂಟು ಒಂದೇ ಕಪಾಟಿನಲ್ಲಿರುವುದರಿಂದ ವೈರಿಂಗಿನಲ್ಲಿ ರಾಜಿ ಸಲ್ಲದು. ರ‍್ಯಾಕಿಗೆ ಕರೆಂಟು ಕೊಡುವ ಸಾಲಿನಲ್ಲಿ 30 ಮಿಲ್ಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕರೆಂಟು ಮೈಮೂಲಕ ನೆಲಕ್ಕೆ ಸೋರಿದ ಕ್ಷಣದಲ್ಲಿ ಸಾಲನ್ನು ಕಡಿಯುವುದು ಅದೇ, ಬರೇ ಎಂಸಿಬಿಯಿಂದ ಆಗದು. ಕಬ್ಬಿಣದ ರ‍್ಯಾಕಾದರೆ ಅದಕ್ಕೂ ಅರ್ತಿಂಗ್ ಬೇಕು. ಪ್ಲಗ್, ಎಕ್ಸ್‌ಟೆನ್ಶನ್ ಬೋರ್ಡು, ಎಸ್‌ಎಂಪಿಎಸ್ ಎಲ್ಲವೂ ಟ್ರೇಗಿಂತ ಎತ್ತರದಲ್ಲಿರಲಿ. ತಂತಿ ಪ್ಲಗ್ಗಿಗೆ ಸೇರುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರುವಂತೆ ಬಿಟ್ಟರೆ, ತಂತಿಗುಂಟ ಇಳಿದ ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ನೀರು ಹಾಕುವಾಗ ಸ್ವಿಚ್ಚು ಆಫ್ ಮಾಡುವುದು ಅಭ್ಯಾಸವಾಗಬೇಕು.

ಕರಾವಳಿಯಲ್ಲಿ ಎಲ್‌ಇಡಿಗೆ ದೊಡ್ಡ ಶತ್ರು ಸಿಡಿಲು. ಏಪ್ರಿಲ್–ಮೇಯ ಮುಂಗಾರು ಪೂರ್ವ ಮಳೆಯಲ್ಲೂ ಅಕ್ಟೋಬರಿನ ಸಂಜೆಯ ಮಳೆಯಲ್ಲೂ ತಂತಿಯಲ್ಲಿ ನುಗ್ಗುವ ವೋಲ್ಟೇಜಿಗೆ ಡ್ರೈವರುಗಳು ಸಾಲಾಗಿ ಸುಟ್ಟುಹೋಗುತ್ತವೆ. ಸರ್ಜ್ ಪ್ರೊಟೆಕ್ಟರ್ ಸ್ವಲ್ಪ ಕಾಯುತ್ತದೆ, ಗುಡುಗು ಕೇಳುವ ಮೊದಲೇ ಪ್ಲಗ್ಗನ್ನೇ ಕಿತ್ತಿಡುವುದು ಪೂರ್ತಿ ಕಾಯುತ್ತದೆ. ಒಂದು ಸಂಜೆ ಬೆಳಕಿಲ್ಲದಿದ್ದರೆ ಸಸಿಗೆ ಏನೂ ಆಗದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೂ ಅದೇ ಮಾತು. ದೀಪಕ್ಕಾಗಿ ಇನ್ವರ್ಟರ್ ಬರಿದು ಮಾಡುವ ಅಗತ್ಯವಿಲ್ಲ. ಎರಡು ಮೂರು ದಿನ ಕರೆಂಟು ಬಾರದಿದ್ದರೆ ಮಾತ್ರ ಟ್ರೇಗಳನ್ನು ಮಳೆ ಬಿಟ್ಟ ಹೊತ್ತು ಅಂಗಳಕ್ಕೆ ತಂದಿಡಬೇಕು.

ದಿನಾ ಒಂದೇ ಹೊತ್ತಿಗೆ ಹೊತ್ತಿ ಆರಲು 24 ಗಂಟೆಯ ಟೈಮರ್ ಸಾಕೆಟ್ ಉಪಯುಕ್ತ. ಬೆಳಗ್ಗೆ 5ರಿಂದ ರಾತ್ರಿ 9ರವರೆಗೆ ಇಟ್ಟರೆ 16 ಗಂಟೆ. ಇಡೀ ರಾತ್ರಿ ಉರಿಸುವುದರಿಂದ ಸಸಿ ಬೇಗ ಬೆಳೆಯುತ್ತದೆಂಬುದು ಹುಸಿ ನಂಬಿಕೆ. ಟೊಮೆಟೊದಂಥ ಗಿಡಗಳ ಎಲೆ ಬಿಡುವಿಲ್ಲದ ಬೆಳಕಿನಲ್ಲಿ ಹಳದಿಯಾಗುತ್ತದೆ. ಸೂಜಿ ಮುಳ್ಳಿನ ಟೈಮರಾದರೆ ಕರೆಂಟು ಹೋದಾಗ ಗಡಿಯಾರ ಹಿಂದೆ ಬೀಳುತ್ತದೆ, ವಾರಕ್ಕೊಮ್ಮೆ ಸರಿಪಡಿಸಬೇಕು.

ಮಣ್ಣು ಮತ್ತು ತೇವ

ಮಳೆಗಾಲದಲ್ಲಿ ಗಾಳಿಯ ತೇವಾಂಶ 90 ಶೇಕಡಾ ದಾಟುವುದು ಮಾಮೂಲಿ. ಬೆಳಕು ಸರಿಹೋದ ಮೇಲೂ ಸಸಿ ಸಾಯುವುದು ಬಹುಮಟ್ಟಿಗೆ ಇದರಿಂದ. ಪಿಥಿಯಂ, ರೈಜೊಕ್ಟೋನಿಯ ಶಿಲೀಂಧ್ರಗಳು ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ಕೊಳೆಯಿಸುತ್ತವೆ. ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಬುಡ ನೀರಾಗಿ ಮಲಗಿರುತ್ತದೆ. ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡುವುದು ಸುಲಭ. ಮಣ್ಣಿನ ಮೇಲ್ಪದರ ಒಣಗಿದ ಬಣ್ಣಕ್ಕೆ ತಿರುಗುವವರೆಗೆ ನೀರು ಹಾಕಬಾರದು. ಹಾಕುವಾಗಲೂ ತಲೆಯ ಮೇಲೆ ಚಿಮುಕಿಸದೆ, ಟ್ರೇಯನ್ನು ಹತ್ತು ನಿಮಿಷ ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸಿ, ಉಳಿದ ನೀರು ಚೆಲ್ಲಬೇಕು. ಸಣ್ಣದೊಂದು ಫ್ಯಾನ್, ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಆದರೂ ಸರಿ, ಎಲೆ ಮೆಲ್ಲ ಅಲುಗುವಷ್ಟು ಗಾಳಿ ಕೊಡುತ್ತಿದ್ದರೆ ಶಿಲೀಂಧ್ರಕ್ಕೆ ನೆಲೆ ತಪ್ಪುತ್ತದೆ, ಕಾಂಡವೂ ಗಟ್ಟಿಯಾಗುತ್ತದೆ.

ಹೊಲದ ಮಣ್ಣನ್ನು ಹಾಗೆಯೇ ಟ್ರೇಗೆ ತುಂಬಬಾರದು. ಈ ಸೀಮೆಯ ಹಿರಿಯರು ತರಕಾರಿ ಸಾಲಿಗೆ ಹಾಕುತ್ತಿದ್ದ ಸುಡುಮಣ್ಣು ಇಲ್ಲಿ ಮತ್ತೆ ಕೈಹಿಡಿಯುತ್ತದೆ: ಕಸಕಡ್ಡಿ, ಸೊಪ್ಪಿನ ನಡುವೆ ಮಣ್ಣು ಪೇರಿಸಿ ಸುಟ್ಟಾಗ ಶಿಲೀಂಧ್ರ, ಕಳೆಬೀಜ, ಹುಳದ ಮೊಟ್ಟೆ ನಾಶವಾಗುತ್ತವೆ, ಬೂದಿಯ ಪೊಟ್ಯಾಷ್ ಉಳಿಯುತ್ತದೆ. ಬೇಸಿಗೆಯಲ್ಲೇ ಸುಟ್ಟು ಒಣ ಗೋಣಿಯಲ್ಲಿ ತುಂಬಿಟ್ಟರೆ ಆಟಿಗೆ ಒದಗುತ್ತದೆ. ಅದರ ಒಂದು ಪಾಲು, ತೆಂಗಿನ ನಾರಿನ ಹುಡಿ ಎರಡು ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ ಒಂದು ಪಾಲು ಸೇರಿಸಿದರೆ ಹಗುರವಾದ, ನೀರು ನಿಲ್ಲದ ಮಿಶ್ರಣ. ಹಸಿ ನಾರಿನ ಹುಡಿಯಲ್ಲಿ ಟ್ಯಾನಿನ್ ಮತ್ತು ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಬೇಕು, ಕಂದು ನೀರು ತಿಳಿಯಾಗುವವರೆಗೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಾರಿನ ಹುಡಿಯನ್ನು ಹುದುಗಿಸಿ ಸಸಿಗೆ ಹದಗೊಳಿಸುವ ‘ಅರ್ಕಾ ಫರ್ಮೆಂಟೆಡ್ ಕೊಕೊಪೀಟ್’ ತಂತ್ರಜ್ಞಾನವನ್ನೇ ರೂಪಿಸಿದೆ. ಮಿಶ್ರಣಕ್ಕೆ ಟ್ರೈಕೋಡರ್ಮಾ ಹುಡಿ ಬೆರೆಸಿದರೆ ಬುಡ ಕೊಳೆಯುವ ಭಯ ಇನ್ನಷ್ಟು ಕಡಿಮೆ.

ಯಾವ ಗಿಡ, ಯಾವಾಗ

ಮೆಣಸು, ಬದನೆ, ಟೊಮೆಟೊ ಸಸಿಗಳಿಗೆ ಈ ರ‍್ಯಾಕ್ ಅತ್ಯಂತ ಸಾರ್ಥಕ. ಸೋಣ ತಿಂಗಳ ನಡುವಿಗೆ, ಅಂದರೆ ಆಗಸ್ಟ್ ಕಡೆಯ ವಾರದಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಬೀಜ ಹಾಕಿದರೆ, ಮಳೆ ಹಿಂದೆಗೆಯುವ ಅಕ್ಟೋಬರಿಗೆ 4–5 ವಾರದ ಗಟ್ಟಿ ಸಸಿ ಸಿದ್ಧ. ಮಳೆ ಬಿಟ್ಟ ಮೇಲೆ ಬೀಜ ಹಾಕುವವರಿಗಿಂತ ಒಂದು ತಿಂಗಳು ಮುಂಚೆ ಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿಯ ಮಟ್ಟುಗುಳ್ಳದ ನಾಟಿಯೂ ಮಳೆ ಇಳಿದ ಮೇಲೆಯೇ. ಬದನೆಗೆ ಕರಾವಳಿಯ ಹದ ಅದು. ಬೀಜ ಮೊಳೆಯುವವರೆಗೆ ಬೆಳಕು ಬೇಡ. ಮೊದಲ ಮೊಳಕೆ ತಲೆ ಎತ್ತಿದ ದಿನವೇ ದೀಪ ಹಚ್ಚಬೇಕು. ಎರಡು ದಿನ ತಡವಾದರೂ ಕಾಂಡ ಎಳೆದುಕೊಂಡು ಬಿಡುತ್ತದೆ, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಗಿಡ್ಡವಾಗದು. ನಿಜ ಎಲೆ ಎರಡು ಬಂದ ಬಳಿಕ ವಾರಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ 19:19:19 ಗೊಬ್ಬರದ ನೀರು ಸಾಕು. ಬೆಂಡೆ, ಅಲಸಂಡೆ, ಹೀರೆಗಳನ್ನು ನೇರ ಸಾಲಿಗೆ ಬಿತ್ತುವುದೇ ಲೇಸು.

ಸೊಪ್ಪಿನಲ್ಲಿ ತಿಮರೆಗೆ ಮೊದಲ ಸ್ಥಾನ. ಘಟ್ಟದ ಮೇಲೆ ಒಂದೆಲಗ ಎನ್ನುವ ಈ ಗಿಡ ಬಚ್ಚಲ ಬದಿಯ ಅರೆನೆರಳಲ್ಲೇ ಹಬ್ಬುವಂಥದ್ದು. ಕಡಿಮೆ ಬೆಳಕಿಗೂ ಬೇಸರಿಸುವುದಿಲ್ಲ. ಗಂಟಿನ ತುಂಡು ನೆಟ್ಟರೆ ಸಾಕು, ಚಟ್ನಿಗೆ ಬೇಕಾದಾಗ ಚಿವುಟಬಹುದು. ಪುದೀನ, ಸಾಂಬ್ರಾಣಿ ಸೊಪ್ಪು ಕೂಡ ಹೀಗೆಯೇ ಹಗುರ. ಮೆಂತೆ ಮೂರು ವಾರಕ್ಕೆ ಕೊಯ್ಲಿಗೆ ಬರುತ್ತದೆ. ಮಳೆಗಾಲದಲ್ಲಿ ಕರಾವಳಿಯ ನೆಲದಲ್ಲಿ ಕೊಳೆತುಹೋಗುವ ಕೊತ್ತಂಬರಿಯನ್ನು ಒಳಗೆ ಬೆಳೆಯಬಹುದು, ಆದರೆ ಒಂದು ಎಚ್ಚರ: ದೀರ್ಘ ಹಗಲು ಕಂಡರೆ ಕೊತ್ತಂಬರಿ ಬೇಗ ಹೂವಿಗೆ ತಿರುಗುತ್ತದೆ. ಅದರ ಟೈಮರನ್ನು 12 ಗಂಟೆಗೆ ಇಳಿಸಿ, ಟ್ಯೂಬ್ ಒಂದು ಹೆಚ್ಚು ಹಾಕುವುದು ಸರಿ.

ಹರಿವೆಯದು ಇದಕ್ಕೆ ವಿರುದ್ಧ ಗುಣ. ಹಗಲು ಕಿರಿದಾದರೆ ಹೂ ಬಿಡುವ ಗಿಡವಾದ್ದರಿಂದ 16 ಗಂಟೆಯ ಬೆಳಕಿನಲ್ಲಿ ಎಲೆಯಾಗಿಯೇ ಉಳಿಯುತ್ತದೆ. ಆದರೆ ಅದು ಸುಡು ಬಿಸಿಲಿಗೆ ಹುಟ್ಟಿದ ಬೆಳೆ, ಮೂರು ಟ್ಯೂಬಿನಡಿಯಲ್ಲಿ ದಂಟು ದಪ್ಪವಾಗುವ ಆಸೆ ಇಟ್ಟುಕೊಳ್ಳಬಾರದು. ಒತ್ತಾಗಿ ಚೆಲ್ಲಿ, ಬೆರಳುದ್ದ ಬಂದಾಗಲೇ ಕತ್ತರಿಸುವುದಾದರೆ ಕೆಂಪು ಹರಿವೆ ಸೊಗಸಾದ ಮೈಕ್ರೊಗ್ರೀನ್. ಸಾಸಿವೆ, ಮೂಲಂಗಿ ಬೀಜಗಳೂ ಹೀಗೆ 7–10 ದಿನಕ್ಕೆ ತಯಾರು. ಇದಕ್ಕೆ ಪ್ಲಾಸ್ಟಿಕ್ ಟ್ರೇ ಕೂಡ ಬೇಡ, ಅಡಿಕೆ ಹಾಳೆಯ ತಟ್ಟೆಗೆ ತೂತು ಮಾಡಿದರೆ ಒಂದು ಕೊಯ್ಲಿನವರೆಗೆ ತಡೆಯುತ್ತದೆ. ಬಸಳೆಯನ್ನು ಮಾತ್ರ ಚಪ್ಪರಕ್ಕೇ ಬಿಡುವುದು ನ್ಯಾಯ.

ಕೋಣೆಯೊಳಗೆ ಕೇಸರಿ ಬೆಳೆದು ಲಕ್ಷ ಗಳಿಸುವ ಮಾತು ಇತ್ತೀಚೆಗೆ ಕೇಳಿಬರುತ್ತಿದೆ. ಕೇಸರಿ ಹೂ ಅರಳುವುದು ಗಡ್ಡೆಯಲ್ಲಿ ಕೂಡಿಟ್ಟ ಆಹಾರದಿಂದ, ಆ ಹಂತದಲ್ಲಿ ಬೆಳಕಿನ ಪಾಲು ಸಣ್ಣದು. ಖರ್ಚೆಲ್ಲ ಕೋಣೆಯನ್ನು ತಂಪಾಗಿಡುವುದರಲ್ಲಿ, ಗಡ್ಡೆ ಕೊಳ್ಳುವುದರಲ್ಲಿ. ಮನೆಯ ಎಲ್‌ಇಡಿ ರ‍್ಯಾಕಿನ ಲೆಕ್ಕ ಅದಕ್ಕೆ ಅನ್ವಯಿಸದು.

ದೀಪದಡಿಯಿಂದ ಹೊರಕ್ಕೆ

ದೀಪದಡಿಯಲ್ಲಿ ಬೆಳೆದ ಎಲೆ ತೆಳು, ಅದಕ್ಕೆ ಅಕ್ಟೋಬರಿನ ಬಿಸಿಲಿನ ಪರಿಚಯವಿಲ್ಲ. ನೇರ ತೋಟಕ್ಕೆ ಒಯ್ದು ನೆಟ್ಟರೆ ಎರಡೇ ದಿನದಲ್ಲಿ ಎಲೆ ಬಿಳುಚಿ ಸುಟ್ಟಂತಾಗುತ್ತದೆ. ಮೊದಲ ಎರಡು ದಿನ ಬೆಳಗಿನ ಒಂದು ಗಂಟೆ ಜಗಲಿಯ ಅಂಚಿನಲ್ಲಿ, ಬಳಿಕ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತ, 7–10 ದಿನಕ್ಕೆ ಪೂರ್ತಿ ಬಿಸಿಲಿಗೆ ಒಡ್ಡಬೇಕು. ಈ ವಾರದಲ್ಲಿ ಗೊಬ್ಬರದ ನೀರು ನಿಲ್ಲಿಸಿ, ಸಾದಾ ನೀರನ್ನೂ ಕಡಿಮೆ ಮಾಡಿದರೆ ಸಸಿ ಗಡುಸಾಗುತ್ತದೆ. ಅಕ್ಟೋಬರಿನ ಮಧ್ಯಾಹ್ನದ ಮೇಲೆ ದಿಢೀರ್ ಮಳೆ ಬರುವ ಊರಾದ್ದರಿಂದ ಮೂರು ಗಂಟೆಯೊಳಗೆ ಟ್ರೇಗಳು ಒಳಗಿರಲಿ. ನಾಟಿ ಸಂಜೆ ಹೊತ್ತಿಗೆ.

ರ‍್ಯಾಕ್ ಖಾಲಿಯಾದ ಮೇಲೆ ಟ್ರೇಗಳನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು, ಹೋದ ವರ್ಷದ ಶಿಲೀಂಧ್ರ ಮುಂದಿನ ವರ್ಷದ ಬೀಜಕ್ಕೆ ಕಾದಿರುತ್ತದೆ. ಟ್ಯೂಬಿನ ಮೇಲೆ ಕೂತ ಧೂಳು, ನೀರಿನ ಕಲೆಯನ್ನು ಒಣ ಬಟ್ಟೆಯಿಂದ ಒರೆಸಿ, ಹೋಲ್ಡರಿನ ತಾಮ್ರದಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಎಂದು ನೋಡಿ, ಹಿಡಿದಿದ್ದರೆ ಹೋಲ್ಡರನ್ನೇ ಬದಲಿಸಬೇಕು. ಎಸ್‌ಎಂಪಿಎಸ್ ಮತ್ತು ಟೈಮರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅಟ್ಟದಲ್ಲಿಟ್ಟರೆ, ಮುಂದಿನ ಆಟಿಯವರೆಗೆ ಆ ಜಾಗದಲ್ಲಿ ಬೇರೆ ಸಾಮಾನು ಇಡಬಹುದು.